ಸರ್ಜಿಕಲ್ ಕ್ರಿಟಿಕಲ್ ಕೇರ್ ಫೆಲೋಶಿಪ್ (ಅಮೆರಿಕ): ಒಂದು ವರ್ಷವೋ ಎರಡೋ? ಇಂಟರ್‌ವ್ಯೂನಲ್ಲಿ ಏನು ಕೇಳಬೇಕು?

ಹೊಲಿಗೆದಾರ
ಜನರಲ್ ಸರ್ಜರಿ ರೆಸಿಡೆನ್ಸಿ, ನಾಲ್ಕನೇ ವರ್ಷ. ಎಸ್‌ಸಿಸಿಗೆ (ಸರ್ಜಿಕಲ್ ಕ್ರಿಟಿಕಲ್ ಕೇರ್) ಅರ್ಜಿ ಹಾಕೋ ತಯಾರಿ ನಡೀತಿದೆ. ಪ್ರೋಗ್ರಾಂಗಳ ಪುಟ ಒಂದಾದ ಮೇಲೊಂದು ತೆರೆದು ನೋಡಿದರೆ ಎಲ್ಲ ಕಡೆ ಅದೇ ರಾಗ: ತುಂಬಾ ರೋಗಿಗಳು, ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸೋ ಯಂತ್ರ) ಇದೆ, ಎಲ್ಲ ವಿಭಾಗದವರೂ ಸೇರಿ ರೌಂಡ್ಸ್, ಕಲಿಕೆಗೆ ಒಳ್ಳೇ ವಾತಾವರಣ. ಇದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಗೊತ್ತಾಗೋ ಹಾಗೆ ಏನು ಪ್ರಶ್ನೆ ಕೇಳಬೇಕು? ಇನ್ನೊಂದು, ಬರೀ ಎಸ್‌ಸಿಸಿ ಒಂದು ವರ್ಷ ಸಾಕೋ, ಅಥವಾ ಎಎಎಸ್‌ಟಿ (ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘ) ಒಪ್ಪಿದ ಎರಡು ವರ್ಷದ ಅಕ್ಯೂಟ್ ಕೇರ್ ಸರ್ಜರಿಗೇ ಹೋಗಬೇಕೋ? ಎಮರ್ಜೆನ್ಸಿ ಮೆಡಿಸಿನ್‌ನಲ್ಲಿರೋ ಗೆಳೆಯನಿಗೂ ಇದೇ ದಾರಿ ಹಿಡಿಯೋ ಆಸೆ. ಅವನಿಗೆ ಅವಕಾಶ ಇದೆಯಾ?

ಪ್ಲೇಟೋ30
ಒಂದೇ ಪ್ರಶ್ನೆ ಕೇಳಿ: "ರಾತ್ರಿ 2 ಗಂಟೆಗೆ ವೆಂಟಿಲೇಟರ್ ಬದಲಾವಣೆಯ ಆರ್ಡರ್ ಹಾಕೋದು ಯಾರು?" ಫೆಲೋ ಅಂದರೆ ಮುಂದೆ ಮಾತಾಡಿ. "ಪಲ್ಮನರಿಯವರನ್ನು ಕೇಳ್ತೀವಿ" ಅಂದರೆ ಅಲ್ಲಿ ನೀವು ಕಲಿಯೋದು ಫೋನ್ ಮಾಡೋದನ್ನ. ಹಾಗೇ ಸಿಆರ್‌ಆರ್‌ಟಿ (ಐಸಿಯುನಲ್ಲಿ ಬಿಡದೆ ನಡೆಯೋ ಡಯಾಲಿಸಿಸ್) ಆರ್ಡರ್ ಯಾರದ್ದು, ಎಕ್ಮೋ ಸರ್ಕ್ಯೂಟ್ ಬಗ್ಗೆ ನಿರ್ಧಾರ ಯಾರದ್ದು, ಐಸಿಯು ಕ್ಲೋಸ್ಡೋ ಓಪನ್ನೋ, ಇವಿಷ್ಟೂ ಒಂದೇ ಎಳೆಯಲ್ಲಿ ಬಿಚ್ಚಿಕೊಳ್ಳುತ್ತೆ. ಓಪನ್ ಘಟಕದಲ್ಲಿ ಆಪರೇಷನ್ ಮಾಡಿದ ಸರ್ಜನ್ನೇ ಎಲ್ಲ ಬರೀತಾರೆ, ಫೆಲೋ ಸಲಹೆಗಾರ. ಸಲಹೆ ಒಪ್ಪಿದರೆ ಒಪ್ಪಿದರು, ಇಲ್ಲದಿದ್ದರೆ ಇಲ್ಲ.

ರಾತ್ರಿಪಾಳಿ
+1. "ಎಕ್ಮೋ ಇದೆ" ಅಂತ ಬರೆದಿರೋದಕ್ಕೂ ಫೆಲೋ ಎಕ್ಮೋ ನಡೆಸ್ತಾರೆ ಅನ್ನೋದಕ್ಕೂ ಸಂಬಂಧವೇ ಇಲ್ಲ.

ನಿಯಮಪುಸ್ತಕ
ಮೊದಲು ಕಾಗದದ ವಿಷಯ ತೀರಿಸಿಬಿಡೋಣ, ಇಲ್ಲಿ ಪ್ರತಿ ವರ್ಷ ಅದೇ ಗೊಂದಲ.

ಎಸ್‌ಸಿಸಿ ಅಂದರೆ ಎಸಿಜಿಎಂಇ (ವೈದ್ಯ ತರಬೇತಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆಯ 12 ತಿಂಗಳು. ಸೇರೋಕೆ ರೆಸಿಡೆನ್ಸಿ ಪೂರ್ತಿ ಮುಗಿದಿರಲೇಬೇಕು ಅಂತಿಲ್ಲ; ಜನರಲ್ ಸರ್ಜರಿಯಲ್ಲಿ ಕನಿಷ್ಠ 3 ವರ್ಷ ಕ್ರಮವಾಗಿ ಆಗಿದ್ದರೆ ಮಧ್ಯದಲ್ಲೇ ಎಸ್‌ಸಿಸಿ ಮುಗಿಸಿ ವಾಪಸ್ ಹೋಗೋರೂ ಇದ್ದಾರೆ. ಆದರೆ ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಎಸ್‌ಸಿಸಿ ಪ್ರಮಾಣಪತ್ರ ಕೈಗೆ ಬರೋದು ಜನರಲ್ ಸರ್ಜರಿ ಬೋರ್ಡ್ ಆದ ಮೇಲೆಯೇ. ಪರೀಕ್ಷೆ ಒಂದು ದಿನದ್ದು, ಕಂಪ್ಯೂಟರ್‌ನಲ್ಲಿ, ಬಹು ಆಯ್ಕೆಯ ಪ್ರಶ್ನೆಗಳು. ಮೌಖಿಕ ಇಲ್ಲ.

ಎರಡು ವರ್ಷದ ಅಕ್ಯೂಟ್ ಕೇರ್ ಸರ್ಜರಿಯಲ್ಲೂ ಎಸಿಜಿಎಂಇ ಮಾನ್ಯತೆ ಇರೋದು ಎಸ್‌ಸಿಸಿ ವರ್ಷಕ್ಕೆ ಮಾತ್ರ. ಇನ್ನೊಂದು ವರ್ಷ ಎಎಎಸ್‌ಟಿ ಒಪ್ಪಿದ ಪಠ್ಯಕ್ರಮ: ಟ್ರಾಮಾ, ತುರ್ತು ಜನರಲ್ ಸರ್ಜರಿ, ಜೊತೆಗೆ ಥೊರಾಸಿಕ್, ವ್ಯಾಸ್ಕ್ಯುಲರ್, ಲಿವರ್-ಪ್ಯಾಂಕ್ರಿಯಾಸ್ ಅನುಭವ. ಅದಕ್ಕೆ ಪ್ರತ್ಯೇಕ ಬೋರ್ಡ್ ಪ್ರಮಾಣಪತ್ರ ಅಂತ ಒಂದಿಲ್ಲ.

ತುರ್ತುಬಾಗಿಲು
ಗೆಳೆಯನ ಪ್ರಶ್ನೆಗೆ: ಅವಕಾಶ ಇದೆ, ಆದರೆ ಎರಡು ವರ್ಷ. ಮೊದಲ ವರ್ಷ ಸರ್ಜರಿ ವಿಭಾಗದಲ್ಲಿ ಅಡ್ವಾನ್ಸ್ಡ್ ಪ್ರಿಲಿಮಿನರಿ ರೆಸಿಡೆಂಟ್ ಆಗಿ ದುಡಿಯಬೇಕು, ಎರಡನೇ ವರ್ಷ ಎಸ್‌ಸಿಸಿ. ಎಮರ್ಜೆನ್ಸಿಯವರನ್ನು ತಗೊಳ್ಳದ ಪ್ರೋಗ್ರಾಂಗಳೂ ಇವೆ, ಯಾಕಂದರೆ ಆ ಮೊದಲ ವರ್ಷಕ್ಕೆ ಜಾಗ, ಸಂಬಳ, ಪಠ್ಯಕ್ರಮ ಎಲ್ಲ ಹೊಂದಿಸಬೇಕು. ಅರ್ಜಿಗೆ ಮುಂಚೆ ಸಂಯೋಜಕರಿಗೆ ಒಂದು ಇಮೇಲ್ ಹಾಕಿ ಎರಡು ವಿಷಯ ಕೇಳೋದು ಒಳ್ಳೇದು: ಆ ಪ್ರಿಲಿಮಿನರಿ ವರ್ಷದಲ್ಲಿ ಎಷ್ಟು ತಿಂಗಳು ಐಸಿಯು, ಎಷ್ಟು ತಿಂಗಳು ವಾರ್ಡ್? ಹಿಂದೆ ಎಮರ್ಜೆನ್ಸಿಯಿಂದ ಬಂದವರು ಯಾರಾದರೂ ಬೋರ್ಡ್ ಪರೀಕ್ಷೆಗೆ ಕೂತಿದ್ದಾರಾ?

ಸರ್ಜರಿ ದಾರಿಯೇ ಆಗಬೇಕು ಅಂತಿಲ್ಲ ಅಂದರೆ ಅನಸ್ತೀಸಿಯಾ ಕ್ರಿಟಿಕಲ್ ಕೇರ್, ಇಂಟರ್ನಲ್ ಮೆಡಿಸಿನ್ ಕ್ರಿಟಿಕಲ್ ಕೇರ್ ಎರಡೂ ಎಮರ್ಜೆನ್ಸಿಯವರಿಗೆ ತೆರೆದಿವೆ, ಅವೂ ಎರಡೆರಡು ವರ್ಷ. ಟ್ರಾಮಾ ಐಸಿಯುನಲ್ಲೇ ಜೀವನ ಮಾಡಬೇಕು ಅನ್ನೋನು ಎಸ್‌ಸಿಸಿ ನೋಡಲಿ.

ಅರಿವಳಿಕೆ
ಅನಸ್ತೀಸಿಯಾ ರೆಸಿಡೆನ್ಸಿ ಮಾಡಿದವರಿಗೆ ಅದೇ ಕ್ರಿಟಿಕಲ್ ಕೇರ್ 12 ತಿಂಗಳು. ಹೃದಯದ ಆಪರೇಷನ್ ಆದ ರೋಗಿಗಳು, ಎಕೋ, ಎಕ್ಮೋ ಕಡೆ ಒಲವಿದ್ದರೆ ಆ ಪ್ರೋಗ್ರಾಂಗಳಲ್ಲಿ ಹೆಚ್ಚು ಸಿಗುತ್ತೆ. ಹೊಟ್ಟೆ ತೆರೆದಿಟ್ಟ ರೋಗಿ, ಸುಟ್ಟಗಾಯ, ಪೆಟ್ಟು, ಇವು ಎಸ್‌ಸಿಸಿಯವರ ಅಂಗಳ. ಜಗಳ ಬೇಡ, ಇಬ್ಬರಿಗೂ ಕೆಲಸ ಬೇಕಾದಷ್ಟಿದೆ.

ಕತ್ತರಿಪ್ರಯೋಗ
ಅಕ್ಯೂಟ್ ಕೇರ್ ಸರ್ಜರಿಯ ಎರಡನೇ ವರ್ಷ ಅನ್ನೋದು ಕಡಿಮೆ ಸಂಬಳಕ್ಕೆ ಟ್ರಾಮಾ ಕರೆ (ಆನ್-ಕಾಲ್ ಪಾಳಿ) ತುಂಬೋ ಉಪಾಯ. ರೆಸಿಡೆನ್ಸಿ ಮುಗಿಸಿದ ಸರ್ಜನ್, ಬೋರ್ಡ್ ಆದೋನು, ಮತ್ತೆ ಒಂದು ವರ್ಷ ಫೆಲೋ ಸಂಬಳದಲ್ಲಿ ಯಾಕಿರಬೇಕು? ಕೆಲಸಕ್ಕೆ ತಗೊಳ್ಳೋವಾಗ ಲೆವೆಲ್ 1 ಟ್ರಾಮಾ ಕೇಂದ್ರದವರು ನೋಡೋದು ಎಸ್‌ಸಿಸಿ ಬೋರ್ಡನ್ನ. ಮುಗೀತು.

ಹರಿತ
ಅಷ್ಟು ಸುಲಭಕ್ಕೆ ಮುಗಿಸಬೇಡಿ ಸ್ವಾಮಿ. ಈಗಿನ ರೆಸಿಡೆನ್ಸಿಯಲ್ಲಿ ಎಷ್ಟು ಜನ ಸಬ್‌ಕ್ಲೇವಿಯನ್ ಅಪಧಮನಿಗೆ ತೆರೆದ ದಾರಿಯಲ್ಲಿ ಹೋಗಿದ್ದಾರೆ? ಎಂಡೋವ್ಯಾಸ್ಕ್ಯುಲರ್ ಬಂದ ಮೇಲೆ ತೆರೆದ ವ್ಯಾಸ್ಕ್ಯುಲರ್ ಕೇಸ್ ರೆಸಿಡೆಂಟ್ ಕೈಗೆ ಸಿಗೋದು ಕಡಿಮೆ. ಲಿವರ್‌ಗೆ ಪೆಟ್ಟಾದರೆ ಬಹುಪಾಲು ಆಪರೇಷನ್ನೇ ಇಲ್ಲ, ಕಾದು ನೋಡೋದು ಇಲ್ಲವೇ ಎಂಬೊಲೈಸೇಷನ್ (ರಕ್ತ ಸೋರೋ ನಾಳವನ್ನು ಒಳಗಿನಿಂದ ಮುಚ್ಚೋದು). ಹೀಗಾಗಿ ಆಪರೇಷನ್ ಬೇಕಾದ ಆ ಒಂದು ಕೇಸ್ ಬಂದಾಗ ಲಿವರ್ ಮೊಬಿಲೈಸ್ ಮಾಡೋದು, ಪ್ರಿಂಗಲ್ (ಲಿವರ್‌ಗೆ ಹೋಗೋ ರಕ್ತನಾಳಗಳಿಗೆ ಕ್ಲ್ಯಾಂಪ್) ಹಾಕೋದು, ಪ್ಯಾಕಿಂಗ್ ಸರಿಯಾಗಿ ಮಾಡೋದು ಯಾರಿಗೆ ಬರುತ್ತೆ? ಲಿವರ್ ವಿಭಾಗದಲ್ಲಿ ಕೆಲವು ವಾರ ಇದ್ದು ಬಂದವರಿಗೆ.

ರೆಸಿಡೆನ್ಸಿ ಕೇಸ್ ಲಾಗ್ ತೆಗೆದು ಮೂರು ಸಾಲು ನೋಡಿ: ಟ್ರಾಮಾ ಆಪರೇಷನ್, ತೆರೆದ ವ್ಯಾಸ್ಕ್ಯುಲರ್, ಥೊರಾಕಾಟಮಿ. ಮೂರೂ ದಂಡಿಯಾಗಿದ್ದರೆ ಒಂದು ವರ್ಷ ಸಾಕು. ಬಡವಾಗಿದ್ದರೆ ಎರಡನೇ ವರ್ಷಕ್ಕೆ ಅರ್ಥ ಇದೆ.

ಕತ್ತರಿಪ್ರಯೋಗ
ಆ ಎರಡನೇ ವರ್ಷದಲ್ಲಿ ಲಿವರ್ ವಿಭಾಗದ ಸ್ವಂತ ಫೆಲೋ ಇದ್ದಾಗ ನಿಮ್ಮ ಕೈಗೆ ಬರೋದು ರಿಟ್ರಾಕ್ಟರ್. ಅದನ್ನೂ ಕೇಳಿಕೊಂಡೇ ಹೋಗಿ.

ಹರಿತ
ಆ ಮಾತು ಸರಿ. ಅದಕ್ಕೇ ಕಳೆದ ಸಾಲಿನ ಫೆಲೋನ ಎರಡನೇ ವರ್ಷದ ಕೇಸ್ ಲಾಗ್ ತೋರಿಸಿ ಅಂತ ನೇರವಾಗಿ ಕೇಳಬೇಕು. ಹೆಸರು ಮರೆಮಾಡಿ ತೋರಿಸೋದಕ್ಕೆ ಏನು ಅಡ್ಡಿ? ಹಿಂಜರಿದರೆ ಉತ್ತರ ಸಿಕ್ಕಿದ ಹಾಗೆಯೇ.

ವೀಸಾಪುರಾಣ
ಜೆ-1 (ವಿದೇಶಿ ವೈದ್ಯರ ತರಬೇತಿ ವೀಸಾ) ಮೇಲಿರೋರು ಕಿವಿ ಕೊಡಿ. ಎಸ್‌ಸಿಸಿ ವರ್ಷ ಎಸಿಜಿಎಂಇ ಮಾನ್ಯತೆಯದ್ದು, ಪ್ರಾಯೋಜನೆಗೆ ತೊಂದರೆ ಇಲ್ಲ. ಎರಡನೇ ವರ್ಷಕ್ಕೆ ಆ ಮಾನ್ಯತೆ ಇಲ್ಲ, ಅಲ್ಲಿ ವೀಸಾ ತಾನಾಗೇ ಮುಂದುವರಿಯುತ್ತೆ ಅಂದುಕೊಳ್ಳಬೇಡಿ. ಆಸ್ಪತ್ರೆಯ ಜಿಎಂಇ (ವೈದ್ಯ ತರಬೇತಿ) ಕಚೇರಿಯನ್ನೇ ಕೇಳಿ, ಪ್ರೋಗ್ರಾಂ ನಿರ್ದೇಶಕರ ಬಾಯಿಮಾತು ಸಾಲದು. ಜೆ-1 ವೈದ್ಯ ತರಬೇತಿಗೆ ಸಾಮಾನ್ಯವಾಗಿ 7 ವರ್ಷದ ಮಿತಿ. 5 ವರ್ಷದ ಸರ್ಜರಿ, ಮಧ್ಯೆ ಸಂಶೋಧನೆಯ ವರ್ಷ, ಮೇಲೆ ಫೆಲೋಶಿಪ್ ಅಂದರೆ ಲೆಕ್ಕ ಬಿಗಿಯಾಗುತ್ತೆ. ಎಚ್-1ಬಿಯಲ್ಲಿದ್ದರೆ ಆ 6 ವರ್ಷದಲ್ಲಿ ಎಷ್ಟು ಉಳಿದಿದೆ ನೋಡ್ಕೊಳ್ಳಿ.

ಇನ್ನೊಂದು: ಜೆ-1ನಲ್ಲಿ ಮೂನ್‌ಲೈಟಿಂಗ್ (ತರಬೇತಿಯ ಹೊರಗೆ ಹೆಚ್ಚಿನ ಹಣಕ್ಕೆ ದುಡಿಯೋದು) ಇಲ್ಲ. "ವಾರಾಂತ್ಯದ ಕರೆಗೆ ಬೇರೆ ಹಣ ಕೊಡ್ತೀವಿ" ಅನ್ನೋ ಆಮಿಷ ನಿಮಗಲ್ಲ.

ಕಾನ್ರಾಡ್ 30 ವೇವರ್‌ಗೆ (ಜೆ-1 ಮುಗಿದ ಮೇಲೆ ತಾಯ್ನಾಡಿಗೆ ಮರಳಬೇಕಾದ ನಿಯಮದಿಂದ ವಿನಾಯಿತಿ) ಹೋಗೋ ಯೋಚನೆ ಇದ್ದರೆ ರಾಜ್ಯಕ್ಕೆ ವರ್ಷಕ್ಕೆ 30 ಜಾಗ, 3 ವರ್ಷದ ಕರಾರು. ಒಂದು ವರ್ಷದ ಫೆಲೋಶಿಪ್‌ನಲ್ಲಿ ಸೇರಿದ ತಿಂಗಳಿಂದಲೇ ಕೆಲಸ ಹುಡುಕಬೇಕಾಗುತ್ತೆ, ಯಾಕಂದರೆ ಕೆಲವು ರಾಜ್ಯಗಳಲ್ಲಿ ಆ 30 ಬೇಗ ಮುಗಿಯುತ್ತೆ.

ಹೊಲಿಗೆದಾರ
ಮೂನ್‌ಲೈಟಿಂಗ್ ಗಂಟೆ 80ರ ಲೆಕ್ಕಕ್ಕೆ ಬರುತ್ತಾ?

ನಿಯಮಪುಸ್ತಕ
ಬರುತ್ತೆ. ಒಳಗಿನದ್ದೂ ಹೊರಗಿನದ್ದೂ. ವಾರಕ್ಕೆ 80, ನಾಲ್ಕು ವಾರದ ಸರಾಸರಿ. ಸತತ 24 ಗಂಟೆ, ಹಸ್ತಾಂತರಕ್ಕೆ ಹೆಚ್ಚೆಂದರೆ ಇನ್ನು 4. ಏಳು ದಿನಕ್ಕೊಂದು ರಜೆ, ಅದೂ ಸರಾಸರಿಯೇ.

ಗಣಿತಮೇಷ್ಟ್ರು
ರ‍್ಯಾಂಕ್ ಪಟ್ಟಿ ವಿಷಯದಲ್ಲಿ ಬುದ್ಧಿವಂತಿಕೆ ಮಾಡೋಕೆ ಹೋಗಬೇಡಿ. ಎನ್‌ಆರ್‌ಎಂಪಿ ಮ್ಯಾಚ್‌ನ (ಅಭ್ಯರ್ಥಿಗಳ, ಪ್ರೋಗ್ರಾಂಗಳ ಪಟ್ಟಿ ಹೋಲಿಸಿ ಸೀಟು ಹಂಚೋ ವ್ಯವಸ್ಥೆ) ಲೆಕ್ಕಾಚಾರ ಅಭ್ಯರ್ಥಿ ಕಡೆಯಿಂದ ಶುರುವಾಗುತ್ತೆ. "ಅವರು ನನ್ನನ್ನು ಮೇಲಿಟ್ಟಿರಬಹುದು, ಅದಕ್ಕೆ ಅವರನ್ನೇ ಮೊದಲು ಹಾಕ್ತೀನಿ" ಅಂದರೆ ನಷ್ಟ ನಿಮಗೇ. ನಿಜವಾಗಿ ಎಲ್ಲಿ ಬೇಕೋ ಅದೇ ಮೊದಲು. ಹೋಗೋಕೆ ಮನಸ್ಸಿಲ್ಲದ ಕಡೆ ಹಾಕಲೇಬೇಡಿ, ಮ್ಯಾಚ್ ಆದರೆ ಅದು ಕರಾರು.

ಪ್ಲೇಟೋ30
ಇನ್ನು ಕಲಿಕೆ. ಪ್ರೋಗ್ರಾಂ ಒಳ್ಳೇದೋ ಅಲ್ಲವೋ ಅಂತ ಐಸಿಯು ಸುತ್ತಿಸೋವಾಗಲೇ ಹೇಳಬಹುದು. ಯಾವುದಾದರೂ ವೆಂಟಿಲೇಟರ್ ಮುಂದೆ ನಿಂತು ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡೋ ಗಾಳಿ) ನೋಡಿ, "ಎತ್ತರ ಎಷ್ಟು?" ಅಂತ ಕೇಳಿ. 165 ಸೆಂ.ಮೀ. ಹೆಂಗಸು ಅಂದರೆ ಲೆಕ್ಕದ ತೂಕ 45.5 + 0.91 × (165 − 152.4), ಸುಮಾರು 57 ಕೆ.ಜಿ. ಗಂಡಸಾದರೆ 45.5ರ ಜಾಗದಲ್ಲಿ 50. ಕೆ.ಜಿ.ಗೆ 6 ಮಿ.ಲೀ. ಅಂದರೆ 340 ಆಸುಪಾಸು. ಅದೇ ರೋಗಿ 95 ಕೆ.ಜಿ. ತೂಗ್ತಾರೆ ಅಂತ ಯಾರೋ ಅದಕ್ಕೆ 6 ಗುಣಿಸಿ 570 ಹಾಕಿದ್ದರೆ ನಿಜದಲ್ಲಿ ಕೊಟ್ಟಿದ್ದು ಕೆ.ಜಿ.ಗೆ 10. ಶ್ವಾಸಕೋಶ ತೂಕದ ಜೊತೆ ಬೆಳೆಯಲ್ಲ. ಶ್ವಾಸಕೋಶ ತೀವ್ರವಾಗಿ ಕೆಟ್ಟವರ (ಎಆರ್‌ಡಿಎಸ್) ಮೇಲೆ 2000ದಲ್ಲಿ ಬಂದ ಎಆರ್‌ಡಿಎಸ್‌ನೆಟ್ ಅಧ್ಯಯನದಲ್ಲಿ ಕಡಿಮೆ ವಾಲ್ಯೂಮ್ ಗುಂಪಿನಲ್ಲಿ ಸಾವು 31%, ಹೆಚ್ಚಿನ ಗುಂಪಿನಲ್ಲಿ 39.8%. ಇಷ್ಟು ವರ್ಷ ಆದ ಮೇಲೂ ಎತ್ತರ ಅಳೆಯದ ಘಟಕ ಅಂದರೆ ಏನು ಹೇಳೋದು.

ಒಳಒತ್ತಡ
ಪ್ಲೇಟೋ 30 ಅಂತ ಹೆಸರಿಟ್ಟುಕೊಂಡೋರಿಗೆ ಒಂದು ತಿದ್ದುಪಡಿ. ಸರ್ಜಿಕಲ್ ಐಸಿಯುನಲ್ಲಿ ಪ್ಲೇಟೋ (ವೆಂಟಿಲೇಟರ್ ಉಸಿರು ತುಂಬಿ ನಿಲ್ಲಿಸಿದಾಗಿನ ಒತ್ತಡ) ಏರಿದ್ದೆಲ್ಲ ಶ್ವಾಸಕೋಶದ ತಪ್ಪಲ್ಲ. ಹೊಟ್ಟೆ ಉಬ್ಬಿ ಡಯಾಫ್ರಂ ಮೇಲೆ ತಳ್ಳಿದಾಗಲೂ 34, 36 ಬರುತ್ತೆ. ಆಗ ವಾಲ್ಯೂಮ್ ಇಳಿಸುತ್ತಾ ಕೂತರೆ ರೋಗಿಯ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಮೂಲ ಕಾರಣ ಹಾಗೇ ಕೂತಿರುತ್ತೆ. ಹೊಟ್ಟೆಯೊಳಗಿನ ಒತ್ತಡ ತಿಳಿಯೋಕೆ ಮೊದಲು ಮೂತ್ರಕೋಶದ ಒತ್ತಡ ಅಳೀರಿ.

ಪ್ಲೇಟೋ30
ಅಳೆಯೋದೇ ತಪ್ಪಾಗಿರುತ್ತಲ್ಲ ಮಾರಾಯ್ರೇ, ಅದಕ್ಕೇನು ಮಾಡೋದು?

ಒಳಒತ್ತಡ
ಅದಕ್ಕೇ ಬರೀತೀನಿ, ಇದು ಎಸ್‌ಸಿಸಿಯವರಿಗೆ ಬೆರಳ ತುದಿಯಲ್ಲಿರಬೇಕು.

ರೋಗಿಯನ್ನು ಪೂರ್ತಿ ಮಟ್ಟಸವಾಗಿ ಮಲಗಿಸಿ. ಫೋಲೀ (ಮೂತ್ರದ) ಟ್ಯೂಬ್ ಕ್ಲ್ಯಾಂಪ್ ಮಾಡಿ ಸಲೈನ್ ಹಾಕಿ, 25 ಮಿ.ಲೀ. ದಾಟಬಾರದು. 50, 100 ಹಾಕಿದರೆ ಕೋಶದ ಗೋಡೆಯೇ ಹಿಗ್ಗಿ ಸುಳ್ಳು ಒತ್ತಡ ತೋರಿಸುತ್ತೆ. ಹಾಕಿದ ಕೂಡಲೇ ಓದಬೇಡಿ, ಸ್ನಾಯು ಸೆಟೆದಿರುತ್ತೆ. ಅರ್ಧದಿಂದ ಒಂದು ನಿಮಿಷ ಬಿಡಿ. ಸೊನ್ನೆ ಮಾಡೋದು ಇಲಿಯಾಕ್ ಕ್ರೆಸ್ಟ್ ಮಟ್ಟದಲ್ಲಿ, ಮಿಡ್‌ಆಕ್ಸಿಲರಿ ಗೆರೆಗೆ. ಓದೋದು ಉಸಿರು ಪೂರ್ತಿ ಹೊರಗೆ ಹೋದ ಕೊನೆಯಲ್ಲಿ. ರೋಗಿ ತಿಣುಕುತ್ತಿದ್ದರೆ, ವೆಂಟಿಲೇಟರ್ ಜೊತೆ ಗುದ್ದಾಡುತ್ತಿದ್ದರೆ ಆ ಅಂಕಿ ಬಿಸಾಕಿ. ತಲೆ 30 ಡಿಗ್ರಿ ಎತ್ತಿದ್ದರೂ ಅಂಕಿ ಸುಳ್ಳಾಗಿ ಏರುತ್ತೆ.

12 ಎಂಎಂಎಚ್‌ಜಿ ಮುಟ್ಟಿ ಅಲ್ಲೇ ನಿಂತರೆ ಹೊಟ್ಟೆಯ ಹೈಪರ್‌ಟೆನ್ಷನ್. 20ರ ಮೇಲೆ ನಿಂತು, ಜೊತೆಗೆ ಹೊಸದಾಗಿ ಒಂದು ಅಂಗ ಕೈಕೊಟ್ಟರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಇಲ್ಲೊಂದು ಗುಂಡಿ ಇದೆ: ನೀರಿನ ಕೊಳವೆ ಹಿಡಿದು ಅಳೆದರೆ ಬರೋದು ಸೆಂಟಿಮೀಟರ್ ನೀರು. 1.36ರಿಂದ ಭಾಗಿಸಬೇಕು. 27 ಸೆಂ.ಮೀ. ಅಂದರೆ 20 ಎಂಎಂಎಚ್‌ಜಿ ಅಷ್ಟೆ. ಇದನ್ನು ಮರೆತು ಹೊಟ್ಟೆ ತೆರೆಯೋಕೆ ಹೊರಟರೆ ಕಷ್ಟ.

ರಾತ್ರಿಪಾಳಿ
ತೆರೆಯೋಕೆ ಮುಂಚೆ ನಾಸೋಗ್ಯಾಸ್ಟ್ರಿಕ್, ರೆಕ್ಟಲ್ ಟ್ಯೂಬ್, ಸೆಡೇಷನ್, ಬೇಕಾದರೆ ಪ್ಯಾರಾಲಿಸಿಸ್, ನೀರು ತುಂಬಿದ್ದರೆ ಡ್ರೈನ್. ಇವೆಲ್ಲ ಮಾಡ್ತಾ ಮಾಡ್ತಾ ಥಿಯೇಟರ್‌ಗೂ ಹೇಳಿಟ್ಟಿರಬೇಕು. ಒಂದಾದ ಮೇಲೊಂದು ಅಂತ ಸಾಲಾಗಿ ಕಾಯ್ತಾ ಕೂತರೆ ಕಿಡ್ನಿ ಹೋಗಿರುತ್ತೆ.

ಬೆಂಕಿಬಾಳೆ
ಸುಟ್ಟಗಾಯದವರಿಗೂ ಇದೇ ಕಥೆ. 24 ಗಂಟೆಯಲ್ಲಿ ದ್ರವ ಕೆ.ಜಿ.ಗೆ 250 ಮಿ.ಲೀ. ಸಮೀಪಿಸಿದರೆ ಹೊಟ್ಟೆಯ ಒತ್ತಡ ಅಳೆಯದೆ ಬಿಡಬಾರದು. ಪಾರ್ಕ್‌ಲ್ಯಾಂಡ್ ಸೂತ್ರದ 4 ಮಿ.ಲೀ. ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ಈಗ ದೊಡ್ಡವರಿಗೆ ಕೆ.ಜಿ.ಗೆ, ಶೇಕಡಾ ಸುಟ್ಟ ಭಾಗಕ್ಕೆ 2 ಮಿ.ಲೀ.ನಿಂದ ಶುರು ಮಾಡಿ, ಮೂತ್ರ ಗಂಟೆಗೆ 30ರಿಂದ 50 ಮಿ.ಲೀ. ಬರೋ ಹಾಗೆ ಏರಿಸಿ ಇಳಿಸೋದು ಎಬಿಎಲ್‌ಎಸ್ (ಸುಟ್ಟಗಾಯ ಚಿಕಿತ್ಸೆಯ ಕೋರ್ಸ್) ಹೇಳೋ ದಾರಿ. ಏರಿಸೋಕೆ ಎಲ್ಲರಿಗೂ ಬರುತ್ತೆ. ಮೂತ್ರ 90 ಬರ್ತಿದ್ದರೂ ಡ್ರಿಪ್ ಇಳಿಸೋರಿಲ್ಲ.

ಹೊಲಿಗೆದಾರ ಅವರೇ, ಇಂಟರ್‌ವ್ಯೂನಲ್ಲಿ ಬರ್ನ್ ತಿಂಗಳು ಅದೇ ಆಸ್ಪತ್ರೆಯಲ್ಲೋ, ಬೇರೆ ಊರಿಗೆ ಹೋಗಬೇಕೋ, ಇರೋಕೆ ಜಾಗ ಅವರೇ ಕೊಡ್ತಾರೋ ಅದನ್ನೂ ಕೇಳಿ.

ರಕ್ತಪೂರ
ಮಾಸಿವ್ ಟ್ರಾನ್ಸ್‌ಫ್ಯೂಷನ್ (ಒಮ್ಮೆಗೇ ಭಾರೀ ರಕ್ತ ಕೊಡೋದು) ವಿಷಯ ಬರಲೇ ಇಲ್ಲವಲ್ಲ! 1:1:1 (ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪು ರಕ್ತಕಣ) ಅನ್ನೋ ಮಂತ್ರ ಎಲ್ಲರೂ ಜಪಿಸ್ತಾರೆ. 2015ರ ಪ್ರೋಪರ್ ಅಧ್ಯಯನದಲ್ಲಿ 680 ರೋಗಿಗಳಿದ್ದರು. 24 ಗಂಟೆ, 30 ದಿನದ ಒಟ್ಟು ಸಾವಿನಲ್ಲಿ 1:1:1ಕ್ಕೂ 1:1:2ಕ್ಕೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಮೊದಲ 24 ಗಂಟೆಯಲ್ಲಿ ರಕ್ತ ಸೋರಿ ಸತ್ತವರು ಮಾತ್ರ 1:1:1ರಲ್ಲಿ ಕಡಿಮೆ. ಎರಡನ್ನೂ ಹೇಳಬೇಕು, ಅರ್ಧ ಹೇಳಬಾರದು.

ಎಲ್ಲರೂ ಮರೆಯೋದು ಕ್ಯಾಲ್ಸಿಯಂ. ಚೀಲದೊಳಗಿನ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋದು) ಅದನ್ನು ಹಿಡ್ಕೊಳ್ಳುತ್ತೆ, ಶಾಕ್‌ನಲ್ಲಿರೋ ಲಿವರ್ ಸಿಟ್ರೇಟ್ ಬೇಗ ಕರಗಿಸಲ್ಲ. ಒತ್ತಡ ಏರಲ್ಲ, ರಕ್ತ ಹೆಪ್ಪುಗಟ್ಟಲ್ಲ, ಇನ್ನೂ ನಾಲ್ಕು ಚೀಲ ಹಾಕ್ತಾರೆ, ಇನ್ನೂ ಇಳಿಯುತ್ತೆ. ಅಯನೈಸ್ಡ್ ಕ್ಯಾಲ್ಸಿಯಂ ಪದೇ ಪದೇ ನೋಡಿ. ಒಂದು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 273 ಮಿ.ಗ್ರಾಂ. ಕ್ಯಾಲ್ಸಿಯಂ, ಗ್ಲೂಕೋನೇಟ್‌ನಲ್ಲಿ 93. "ಒಂದು ಆಂಪ್ಯೂಲ್ ಕೊಟ್ಟೆ" ಅಂದರೆ ಯಾವುದು ಅಂತ ಕೇಳಲೇಬೇಕು. ಕ್ಲೋರೈಡ್ ಸೆಂಟ್ರಲ್ ಲೈನ್‌ನಲ್ಲಿ. ಕೈಯ ಸಣ್ಣ ನಾಳದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟುಬಿಡುತ್ತೆ.

ತುರ್ತುಬಾಗಿಲು
ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸೋ ಔಷಧ) ಪೆಟ್ಟಾದ 3 ಗಂಟೆಯೊಳಗೆ. 1 ಗ್ರಾಂ 10 ನಿಮಿಷದಲ್ಲಿ, ಇನ್ನೊಂದು 8 ಗಂಟೆಯಲ್ಲಿ. ಆ ಎರಡನೇ ಗ್ರಾಂ ಎಮರ್ಜೆನ್ಸಿಯಿಂದ ಥಿಯೇಟರ್, ಅಲ್ಲಿಂದ ಐಸಿಯು ದಾಟೋವಾಗ ಎಲ್ಲೋ ಕಳೆದುಹೋಗುತ್ತೆ.

ಶೋಧಕ
ನೆಫ್ರಾಲಜಿ ಕಡೆಯವನು, ಕ್ಷಮಿಸಿ ನುಗ್ಗಿದ್ದಕ್ಕೆ. "ಸಿಆರ್‌ಆರ್‌ಟಿ ಆರ್ಡರ್ ಫೆಲೋನೇ ಹಾಕಬೇಕು" ಅಂತ ಮೇಲೆ ಬರೆದಿದ್ದೀರಿ. ಹಾಕಲಿ, ಬೇಡ ಅನ್ನಲ್ಲ. ಆದರೆ ಫಿಲ್ಟರ್ ಯಾಕೆ ಕಟ್ಟಿಕೊಂಡಿತು ಅಂತ ಹೇಳೋಕೆ ಬರಲಿ.

ಸಿಆರ್‌ಆರ್‌ಟಿ ಡೋಸ್ ಗಂಟೆಗೆ ಕೆ.ಜಿ.ಗೆ 20ರಿಂದ 25 ಮಿ.ಲೀ. ರೋಗಿಗೆ ತಲುಪಬೇಕು. 80 ಕೆ.ಜಿ.ಗೆ 25 ಅಂದರೆ ಗಂಟೆಗೆ 2 ಲೀಟರ್. ಸಿಟಿ, ಥಿಯೇಟರ್, ಫಿಲ್ಟರ್ ಬದಲು ಅಂತ ದಿನಕ್ಕೆ 5 ಗಂಟೆ ಯಂತ್ರ ನಿಂತರೆ ತಲುಪಿದ್ದು 20ಕ್ಕಿಂತ ಕೆಳಗೆ. ಅದಕ್ಕೇ ಸರ್ಜಿಕಲ್ ರೋಗಿಗೆ ಬರೆಯುವಾಗ 25ರಿಂದ 30 ಬರೀರಿ.

ಇನ್ನು ಫಿಲ್ಟರ್ ಕಟ್ಟೋದು. ರಕ್ತದ ಹರಿವು ನಿಮಿಷಕ್ಕೆ 200 ಅಂದರೆ ಗಂಟೆಗೆ 12 ಲೀಟರ್. ಹೆಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣದ ಶೇಕಡಾ ಪಾಲು) 30 ಆದರೆ ಪ್ಲಾಸ್ಮಾ 8.4 ಲೀಟರ್. ಫಿಲ್ಟರ್ ಆದ ಮೇಲೆ 2 ಲೀಟರ್ ತುಂಬಿಸಿ, ನಿವ್ವಳ 100 ಮಿ.ಲೀ. ತೆಗೆದರೆ ಫಿಲ್ಟ್ರೇಷನ್ ಫ್ರಾಕ್ಷನ್ (ಪ್ಲಾಸ್ಮಾದಲ್ಲಿ ಸೋಸಿ ಹೊರಬರೋ ಪಾಲು) 25%. ಅಂಚಿನಲ್ಲಿದ್ದೀರಿ. ಇನ್ನೂ 200 ಮಿ.ಲೀ. ತೆಗೀರಿ ಅಂತ ಬರೆದರೆ ರಾತ್ರಿಯೊಳಗೆ ಫಿಲ್ಟರ್ ಗಟ್ಟಿ. ಹರಿವು ಏರಿಸಿ, ಇಲ್ಲವೇ ತುಂಬಿಸೋದರಲ್ಲಿ ಒಂದಷ್ಟು ಫಿಲ್ಟರ್‌ಗೆ ಮುಂಚೆ ಕೊಡಿ, ಇಲ್ಲವೇ ಡಯಾಲಿಸಿಸ್ ಕಡೆಗೆ ವಾಲಿ. ಹೆಪಾರಿನ್ ಏರಿಸೋದು ಇದಕ್ಕೆ ಉತ್ತರ ಅಲ್ಲ.

ಒಳಒತ್ತಡ
ಕ್ಯಾತೆಟರ್ ಸೊಂಟದ ಬಳಿ ಮಡಚಿಕೊಂಡಿದ್ದರೆ ನಿಮ್ಮ ಲೆಕ್ಕ ಎಲ್ಲ ಅಷ್ಟೇ.

ಶೋಧಕ
ಅದೂ ನಿಜ. ಎಳೆಯುವ ಕಡೆಯ ಒತ್ತಡ ತುಂಬಾ ಋಣಾತ್ಮಕ ಆಗ್ತಿದ್ದರೆ ಮೊದಲು ಕ್ಯಾತೆಟರ್ ನೋಡಿ.

ಫಿಲ್ಟರ್ ಕಟ್ಟದಿರಲಿ ಅಂತ ಸಿಟ್ರೇಟ್ ಬಳಸೋ ಕಡೆ ಇನ್ನೊಂದು: ಒಟ್ಟು ಕ್ಯಾಲ್ಸಿಯಂ, ಅಯನೈಸ್ಡ್ ಕ್ಯಾಲ್ಸಿಯಂ ಅನುಪಾತ 2.5 ದಾಟಿದರೆ ಸಿಟ್ರೇಟ್ ಶೇಖರ ಆಗ್ತಿದೆ ಅಂತ ಅನುಮಾನ. ಅಮೆರಿಕದ ಲ್ಯಾಬ್‌ಗಳಲ್ಲಿ ಒಟ್ಟು ಕ್ಯಾಲ್ಸಿಯಂ ಬರೋದು ಡೆಸಿಲೀಟರ್‌ಗೆ ಮಿ.ಗ್ರಾಂ.ನಲ್ಲಿ, ಅಯನೈಸ್ಡ್ ಬರೋದು ಮಿಲಿಮೋಲ್‌ನಲ್ಲಿ. 11ನ್ನು 4ರಿಂದ ಭಾಗಿಸಿ 2.75 ಮಾಡಿ, ಆಮೇಲೆ ಅನುಪಾತ ನೋಡಿ. ನೇರ 11ನ್ನು 1ರಿಂದ ಭಾಗಿಸಿ ಗಾಬರಿ ಬೀಳಬೇಡಿ.

ಕತ್ತರಿಪ್ರಯೋಗ
ಇಂಟರ್‌ವ್ಯೂ ಪ್ರಶ್ನೆ ಕೇಳಿದವನಿಗೆ ಕಿಡ್ನಿ ಪಾಠ ಸಿಕ್ಕಿತು 😄

ಪ್ಲೇಟೋ30
ಇದೇ ಇಂಟರ್‌ವ್ಯೂ ಪ್ರಶ್ನೆ. ಅಲ್ಲಿನ ಈಗಿನ ಫೆಲೋನ ಪಕ್ಕಕ್ಕೆ ಕರೆದು "ಫಿಲ್ಟರ್ ಕಟ್ಟಿದರೆ ಏನು ಮಾಡ್ತೀರಿ?" ಅಂತ ಕೇಳಿ. "ನೆಫ್ರಾಲಜಿಗೆ ಪೇಜ್ ಮಾಡ್ತೀನಿ" ಅಂದರೆ ಒಂದು ಥರ, ಶೋಧಕ ಬರೆದ ಹಾಗೆ ಹೇಳಿದರೆ ಇನ್ನೊಂದು ಥರ. ಅದು ಫೆಬ್ರವರಿ ಆಗಿದ್ದರಂತೂ ಉತ್ತರ ಬರಲೇಬೇಕು, ಫೆಲೋಶಿಪ್ ಶುರುವಾಗಿ ಅರ್ಧ ವರ್ಷ ಆಗಿರುತ್ತೆ.

ಕಪಾಲ
ತಲೆಪೆಟ್ಟಿನ ರೋಗಿಗಳು ಯಾರ ಕೈಯಲ್ಲಿ ಅಂತಲೂ ಕೇಳಿ. ಪ್ರತ್ಯೇಕ ನ್ಯೂರೋ ಐಸಿಯು ಇರೋ ದೊಡ್ಡ ಆಸ್ಪತ್ರೆಗಳಲ್ಲಿ ತಲೆಗೆ ಮಾತ್ರ ಪೆಟ್ಟಾದವರೆಲ್ಲ ಅಲ್ಲಿಗೇ ಹೋಗ್ತಾರೆ, ಎಸ್‌ಸಿಸಿ ಫೆಲೋಗೆ ಸಿಗೋದು ಒಂದೋ ಎರಡೋ ತಿಂಗಳ ಪೋಸ್ಟಿಂಗ್.

ಒಂದು ಸೂಕ್ಷ್ಮ, ತುಂಬಾ ಘಟಕಗಳಲ್ಲಿ ತಪ್ಪುತ್ತೆ. ಐಸಿಪಿ (ತಲೆಬುರುಡೆಯೊಳಗಿನ ಒತ್ತಡ) ಸೊನ್ನೆ ಮಾಡೋದು ಕಿವಿಯ ಟ್ರೇಗಸ್ ಮಟ್ಟದಲ್ಲಿ, ರಕ್ತದೊತ್ತಡದ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿ. ತಲೆ 30 ಡಿಗ್ರಿ ಎತ್ತಿದಾಗ ಎರಡರ ನಡುವೆ 15 ಸೆಂ.ಮೀ. ವ್ಯತ್ಯಾಸ ಅಂದರೆ ಸುಮಾರು 11 ಎಂಎಂಎಚ್‌ಜಿ. ಮಾನಿಟರ್ 65 ಸಿಪಿಪಿ (ಸರಾಸರಿ ರಕ್ತದೊತ್ತಡದಿಂದ ಐಸಿಪಿ ಕಳೆದದ್ದು) ತೋರಿಸ್ತಿದ್ದರೆ ಮಿದುಳಿಗೆ ಸಿಗ್ತಿರೋದು 54ರ ಹತ್ತಿರ. ಸಿಪಿಪಿ ಗುರಿ 60ರಿಂದ 70, ಐಸಿಪಿ 22 ದಾಟಿದರೆ ಚಿಕಿತ್ಸೆ ಅಂತ ಮಾರ್ಗಸೂಚಿ ಓದಿಕೊಂಡು, ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ಅಂತ ನೋಡದೆ ಇದ್ದರೆ ಏನು ಪ್ರಯೋಜನ? ಘಟಕಕ್ಕೊಂದೇ ನಿಯಮ ಇರಬೇಕು, ಎಲ್ಲ ನರ್ಸ್‌ಗಳಿಗೂ ಗೊತ್ತಿರಬೇಕು.

ಅರಿವಳಿಕೆ
ಇದಕ್ಕೆ ಸಾವಿರ ಲೈಕ್.

ಹೊಲಿಗೆದಾರ
ಎಲ್ಲರಿಗೂ ಥ್ಯಾಂಕ್ಸ್. ಪ್ರೊಸೀಜರ್ ಬಗ್ಗೆ? ಟ್ರೇಕಿಯಾಸ್ಟಮಿ, ಬ್ರಾಂಕೋಸ್ಕೋಪಿ ಎಲ್ಲ ರೆಸಿಡೆಂಟ್‌ಗಳಿಗೇ ಹೋಗುತ್ತೆ ಅಂತ ಕೇಳಿದೀನಿ.

ರಾತ್ರಿಪಾಳಿ
ಹೋಗಲಿ ಬಿಡಿ. ರೆಸಿಡೆನ್ಸಿ ಮುಗಿಸಿದ ಸರ್ಜನ್‌ಗೆ ಪರ್ಕ್ಯುಟೇನಿಯಸ್ ಟ್ರೇಕ್ ಸಂಖ್ಯೆ ಏರಿಸಿಕೊಳ್ಳೋದು ಈ ವರ್ಷದ ಕೆಲಸ ಅಲ್ಲ. ಇನ್ನೊಬ್ಬರು ಮಾಡೋವಾಗ ಬ್ರಾಂಕೋಸ್ಕೋಪ್ ಹಿಡಿದು ಸೂಜಿ ಎರಡನೇ ಮೂರನೇ ಉಂಗುರದ ನಡುವೆ, ಮಧ್ಯದಲ್ಲೇ ಬಂತಾ, ಹಿಂದಿನ ಗೋಡೆಗೆ ತಾಗಿತಾ ಅಂತ ಹೇಳೋದು, ಟ್ಯೂಬ್ ಎಷ್ಟು ಹಿಂದೆ ಎಳೀಬೇಕು ಅಂತ ತೀರ್ಮಾನಿಸೋದು, ಅಲ್ಲಿದೆ ಕಲಿಕೆ.

ಆಮೇಲಿನ ಅವಾಂತರಗಳು ನಿಮ್ಮವು. ಹಾಕಿದ ಮೊದಲ ವಾರದಲ್ಲಿ ಟ್ಯೂಬ್ ಕಿತ್ತು ಬಂದರೆ ಅದೇ ತೂತಿಗೆ ಕುರುಡಾಗಿ ತುರುಕಬಾರದು. ದಾರಿ ಇನ್ನೂ ಗಟ್ಟಿಯಾಗಿರಲ್ಲ, ಟ್ಯೂಬ್ ಶ್ವಾಸನಾಳದ ಮುಂದಿನ ಪದರದಲ್ಲಿ ಕೂರುತ್ತೆ, ಬ್ಯಾಗ್ ಒತ್ತಿದರೆ ಕತ್ತೆಲ್ಲ ಗಾಳಿ. ತೂತು ಮುಚ್ಚಿ ಮೇಲಿನಿಂದ ಬ್ಯಾಗ್-ಮಾಸ್ಕ್, ಬಾಯಿಯಿಂದ ಇಂಟ್ಯುಬೇಷನ್. ಮತ್ತೆ, ಕೆಲವು ದಿನದಿಂದ ಕೆಲವು ವಾರದೊಳಗೆ ಟ್ರೇಕ್‌ನಿಂದ ಇದ್ದಕ್ಕಿದ್ದಂತೆ ರಕ್ತ ಚಿಮ್ಮಿ ನಿಂತಿತು ಅಂದರೆ "ನಿಂತಿತಲ್ಲ" ಅಂತ ಸಮಾಧಾನ ಬೇಡ. ಇನ್ನಾಮಿನೇಟ್ ಫಿಸ್ಟುಲಾ (ಶ್ವಾಸನಾಳಕ್ಕೂ ಅದರ ಮುಂದಿನ ದೊಡ್ಡ ಅಪಧಮನಿಗೂ ತೂತು ಬೀಳೋದು) ಅಲ್ಲ ಅಂತ ಖಾತ್ರಿ ಆಗೋವರೆಗೆ ಅದೇ. ಮತ್ತೆ ಸುರಿದರೆ ಕಫ್ ಜಾಸ್ತಿ ಊದಿ. ನಿಲ್ಲದಿದ್ದರೆ ಮೇಲಿನಿಂದ ಟ್ಯೂಬ್ ಹಾಕಿ, ಟ್ರೇಕ್ ತೆಗೆದು, ಬೆರಳು ಒಳಗಿಟ್ಟು ಅಪಧಮನಿಯನ್ನು ಎದೆಮೂಳೆಯ ಹಿಂಬದಿಗೆ ಒತ್ತಿ ಹಿಡಿದು ಹಾಗೇ ಥಿಯೇಟರ್‌ಗೆ.

ಲೆಕ್ಕಪತ್ರ
ಯಾರೂ ಹೇಳದ ವಿಷಯ: ಬಿಲ್ಲಿಂಗ್. ಫೆಲೋಶಿಪ್‌ನಲ್ಲಿ ಕಲಿಸೋದಿಲ್ಲ, ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ತಲೆ ಮೇಲೆ ಬೀಳುತ್ತೆ.

ಕ್ರಿಟಿಕಲ್ ಕೇರ್ ಬಿಲ್ ಕೋಡ್ 99291 ಅಂದರೆ ಮೊದಲ 30ರಿಂದ 74 ನಿಮಿಷ. ಮೆಡಿಕೇರ್‌ನಲ್ಲಿ (ಹಿರಿಯರ ಸರ್ಕಾರಿ ವಿಮೆ) ಹೆಚ್ಚುವರಿ ಸಮಯದ ಕೋಡ್ 99292 ಸೇರಿಸೋಕೆ 104 ನಿಮಿಷ ಆಗಬೇಕು, 75ಕ್ಕೇ ಅಲ್ಲ. ಲೈನ್, ಇಂಟ್ಯುಬೇಷನ್‌ಗೆ ಬೇರೆ ಬಿಲ್ ಹಾಕಿದರೆ ಆ ಸಮಯ ಕಳೀಬೇಕು. ವೆಂಟಿಲೇಟರ್ ನಿರ್ವಹಣೆ ಒಳಗೇ ಸೇರಿದೆ, ಬೇರೆ ಇಲ್ಲ. ಪಾಠ ಮಾಡಿದ ಸಮಯ ಲೆಕ್ಕಕ್ಕಿಲ್ಲ, ರೆಸಿಡೆಂಟ್ ಒಬ್ಬರೇ ಕಳೆದ ಸಮಯವೂ ಇಲ್ಲ. ಆಪರೇಷನ್ ಮಾಡಿದ ಸರ್ಜನ್ನೇ 90 ದಿನದ ಗ್ಲೋಬಲ್ ಅವಧಿಯಲ್ಲಿ (ಆಪರೇಷನ್ ಶುಲ್ಕದಲ್ಲೇ ನಂತರದ ಆರೈಕೆಯೂ ಸೇರಿರೋ ಅವಧಿ), ಆಪರೇಷನ್‌ಗೆ ಸಂಬಂಧವಿಲ್ಲದ ಕ್ರಿಟಿಕಲ್ ಕೇರ್ ಕೊಟ್ಟರೆ 2022ರಿಂದ ಬಿಲ್ ಕೋಡ್‌ಗೆ ಎಫ್‌ಟಿ ಅನ್ನೋ ಮಾಡಿಫೈಯರ್ ಹಾಕಬೇಕು, ಯಾಕೆ ಸಂಬಂಧವಿಲ್ಲ ಅಂತ ನೋಟ್‌ನಲ್ಲಿ ಬರೀಬೇಕು.

ಕತ್ತರಿಪ್ರಯೋಗ
ಈ ಒಂದು ಪೋಸ್ಟ್‌ಗೆ ಎರಡನೇ ವರ್ಷದಷ್ಟು ಬೆಲೆ ಇದೆ.

ಹರಿತ
ಬಿಡಲ್ಲ ನೀವು.

ಹೊಲಿಗೆದಾರ
ಕೊನೇ ಪ್ರಶ್ನೆ. ಎಸ್‌ಸಿಸಿ ಆದ ಮೇಲೆ ಆಪರೇಷನ್ ಕೈ ಜಡ್ಡುಗಟ್ಟುತ್ತೆ ಅಂತ ಹೆದರಿಸ್ತಾರಲ್ಲ, ಒಂದೇ ವರ್ಷ ಮಾಡೋರು ಅದಕ್ಕೇನು ಮಾಡ್ತಾರೆ?

ಹರಿತ
ಬಹುಪಾಲು ಸಮಯ ಐಸಿಯುನಲ್ಲೇ ಹೋಗುತ್ತೆ, ಅದಕ್ಕೆ ಮದ್ದಿಲ್ಲ, ಆ ವರ್ಷ ಇರೋದೇ ಅದಕ್ಕೆ. ಕೆಲವು ಕಡೆ ಫೆಲೋಗಳಿಗೆ ತಿಂಗಳಿಗೆ ಇಷ್ಟು ಟ್ರಾಮಾ ಕರೆ ಅಂತ ಇರುತ್ತೆ. ಆ ಕರೆಯಲ್ಲಿ ನಿಮ್ಮ ಸ್ಥಾನ ಏನು ಅಂತ ಕೇಳಿ: ಅಟೆಂಡಿಂಗ್ ಪಕ್ಕದಲ್ಲಿದ್ದು ಫೆಲೋ ಮಾಡೋದಾ, ಚೀಫ್ ರೆಸಿಡೆಂಟ್ ಮಾಡಿ ಫೆಲೋ ನೋಡೋದಾ? ಚೀಫ್ ಕೇಸ್ ಬಿಟ್ಟುಕೊಡಲ್ಲ, ಬಿಡಬೇಕಾಗೂ ಇಲ್ಲ. ಹೀಗಾಗಿ ರೆಸಿಡೆಂಟ್‌ಗಳು ಎಷ್ಟು, ಫೆಲೋಗಳು ಎಷ್ಟು, ವರ್ಷಕ್ಕೆ ಆಪರೇಷನ್ ಆಗೋ ಟ್ರಾಮಾ ಎಷ್ಟು, ಈ ಮೂರು ಅಂಕಿ ಒಟ್ಟಿಗೆ ಕೇಳಿ. ದಾಖಲಾದ ಟ್ರಾಮಾ ಎಷ್ಟು ಅಂತ ಹೇಳಿ ಸಾಗಹಾಕ್ತಾರೆ. ಅದರಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜ ಅಜ್ಜಿಯರೇ ಹೆಚ್ಚಿರಬಹುದು.

ನಿಯಮಪುಸ್ತಕ
ಜನರಲ್ ಸರ್ಜರಿ ಬೋರ್ಡ್‌ನ ಮೌಖಿಕ ಪರೀಕ್ಷೆ ಇದೇ ವರ್ಷದಲ್ಲಿ ಬೀಳುತ್ತೆ ಹಲವರಿಗೆ. ಆ ದಿನಕ್ಕೆ, ಅದಕ್ಕೆ ಮುಂಚಿನ ವಾರಕ್ಕೆ ಕರೆ ಬದಲಾಯಿಸಿ ಕೊಡ್ತಾರಾ ಅಂತ ಈಗಿನ ಫೆಲೋನನ್ನು ಕೇಳಿ. ನಿರ್ದೇಶಕರನ್ನು ಕೇಳಿದರೆ "ಖಂಡಿತಾ" ಅಂತಲೇ ಬರುತ್ತೆ.